ಎರಡೇ ಸೀಟಿನ ಮೋಟಾರು

ನಮ್ಮ ಮನೆಗೆ ಯಾವ ವಸ್ತು ಹೊಸದಾಗಿ ಬಂದರೂ ಅದು ಎಷ್ಟು ಗಟ್ಟಿ, ಎಷ್ಟು ಚೆಂದ ಎಂದು ಯಾರೂ ಕೇಳುವುದಿಲ್ಲ. ಅದರಲ್ಲಿ ಎಷ್ಟು ಮಂದಿ ಹಿಡಿಸುತ್ತಾರೆ ಎಂದು ಕೇಳುತ್ತಾರೆ. ಮಂಚ ತಂದರೆ ಅಡ್ಡಡ್ಡ ಮಲಗಿಸಿದರೆ ಎಷ್ಟು ಮಕ್ಕಳಿಗಾದೀತು ಎಂಬ ವಿಚಾರ ಮೊದಲು. ನಾನು ಪುಣೆಯಲ್ಲಿ ವಕೀಲಿ ಓದಿ ಮುಗಿಸಿ ಬರುವಾಗ ತಂದ ಕರಿಯ ಕೊಡೆಯನ್ನು ಅಂಗಳದಲ್ಲಿ ಬಿಚ್ಚಿ, ಅದರಡಿಯಲ್ಲಿ ನನ್ನ ತಂದೆ, ತಾಯಿ, ಸೋದರತ್ತೆ ಮೂವರೂ ಏಕಕಾಲಕ್ಕೆ ನಿಂತು ನೋಡಿ, ಪ್ರತಿಯೊಬ್ಬರ ಹೆಗಲೂ ಹೊರಗುಳಿದದ್ದರಿಂದ ಅದನ್ನು ದಂಡದ ಖರೀದಿಯೆಂದು ಸರ್ವಾನುಮತದಿಂದ ತೀರ್ಮಾನಿಸಿದರು. ಇಂಥ ಮನೆಗೆ ನಾನು, ಚಿತ್ತ ಸ್ವಸ್ಥವಾಗಿರುವಾಗಲೇ, ಎರಡೇ ಸೀಟಿನ ಮೋಟಾರನ್ನು ತಂದೆನೆಂದರೆ ಓದುಗರು ನನ್ನ ವಕೀಲಿಯ ಬಗ್ಗೆ ಸಂಶಯಪಡುವುದು ಸಹಜ.

ಆದರೆ ಅದನ್ನು ಕೊಂಡದ್ದೇ ಎರಡು ಸೀಟು ಇದ್ದವೆಂದು. ಹಾನಗಲ್ಲಿನ ನಮ್ಮ ಮನೆಯಲ್ಲಿ ಧಾನ್ಯದ ವ್ಯಾಪಾರವೂ ಹೊಲಮನೆಯೂ ಕೂಡಿಕೊಂಡು, ಬಂದುಹೋಗುವವರು ಯಾರು, ಇರುವವರು ಯಾರು ಎಂಬುದೇ ಗೊತ್ತಾಗುತ್ತಿರಲಿಲ್ಲ. ಅಂಥಲ್ಲಿ ಗಂಡಹೆಂಡತಿ ಹಗಲುಹೊತ್ತಿನಲ್ಲಿ ಎದುರುಬದುರು ನಿಂತು ಮಾತಾಡುವುದು ಶಿಷ್ಟಾಚಾರವಲ್ಲ. ನನ್ನ ಹೆಂಡತಿ ನೀಲವ್ವ ಊಟಕ್ಕೆ ಏಳಬೇಕಂತೆ ಎಂದು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು; ಬಂದೆ ಎಂದು ನಾನೂ ಕಂಬಕ್ಕೇ ಉತ್ತರ ಕೊಡುತ್ತಿದ್ದೆ. ನಮ್ಮ ದಾಂಪತ್ಯದ ಸಂಗತಿ ನಮಗಿಂತ ಆ ಕಂಬಕ್ಕೆ ಚೆನ್ನಾಗಿ ಗೊತ್ತಿತ್ತು. ರಾತ್ರಿಯ ಮಾತು ಬೇರೆಯಲ್ಲವೇ ಎನ್ನುವಿರಾದರೆ, ನಮ್ಮ ಕೋಣೆಗೂ ಸೋದರತ್ತೆಯ ಕೋಣೆಗೂ ನಡುವೆ ಇದ್ದದ್ದು ಬರಿಯ ಹಲಗೆಯ ಗೋಡೆ. ನಾವು ಈ ಕಡೆ ಪಿಸುಗುಟ್ಟಿದರೆ ಆಕೆ ಆ ಕಡೆಯಿಂದ ಕೆಮ್ಮಿ ತನ್ನ ಅಭಿಪ್ರಾಯ ತಿಳಿಸುತ್ತಿದ್ದಳು. ಮದುವೆಯಾಗಿ ಕೆಲವು ವರ್ಷಗಳು ಕಳೆದಿದ್ದರೂ ನೀಲವ್ವ ಒಂದು ವಾಕ್ಯವನ್ನು ಆರಂಭಿಸಿ ಅದರ ಕ್ರಿಯಾಪದದವರೆಗೆ ನನ್ನೆದುರು ಮುಟ್ಟಿಸಿದ್ದನ್ನು ನಾನು ಕೇಳಿರಲಿಲ್ಲ. ಆಕೆಯ ಪಕ್ಕದಲ್ಲಿ ಒಂದೇ ಒಂದು ಹಗಲು, ಮೂರನೆಯವರ ಕಿವಿಯಿಲ್ಲದ ಕಡೆ ಕುಳಿತು ಮಾತಾಡಬೇಕೆಂಬ ಆಸೆ ನನಗೆ ಅತಿಯಾಗಿ ಹತ್ತಿಕೊಂಡಿತ್ತು. ಅದನ್ನು ಯಾರಿಗೆ ಹೇಳಲಿ? ಕಂಬಕ್ಕೂ ಹೇಳುವಂತಿರಲಿಲ್ಲ.

ಹೀಗಿರುವಾಗ ಸವಣೂರಿನ ಶೋಕಿಯ ಸಾಹೇಬರೊಬ್ಬರು ತಮ್ಮ ವಿಲಾಯತಿ ಓಟದ ಮೋಟಾರನ್ನು ಮಾರುತ್ತಾರೆಂದು ಕೇಳಿದೆ. ಅವರ ಹೊಟ್ಟೆಗೂ ಮೋಟಾರು ನಡೆಸುವ ಚಕ್ರಕ್ಕೂ ಇತ್ತೀಚೆಗೆ ರಾಜಿಯಾಗುತ್ತಿರಲಿಲ್ಲ, ಅಷ್ಟೇ ಕಾರಣ. ಹೋಗಿ ನೋಡಿದೆ. ನೆಲಕ್ಕೆ ತಾಗುವಷ್ಟು ತಗ್ಗು, ಉದ್ದನೆಯ ಮೂಗು, ಮೇಲೆ ಚಾವಣಿಯಿಲ್ಲ, ಹಿಂದೆ ಚೂಪಾದ ಬಾಲ, ನಡುವೆ ಒತ್ತೊತ್ತಾಗಿ ಎರಡೇ ಸೀಟು. ಅದರೊಳಗೆ ಕುಳಿತು, ಮೂರನೆಯ ಮನುಷ್ಯನನ್ನು ಎಲ್ಲಿ ತುರುಕಬಹುದೆಂದು ವೈರಿಯ ಬುದ್ಧಿಯಿಂದ ಯೋಚಿಸಿದೆ, ಎಲ್ಲಿಯೂ ಸಾಧ್ಯವಿರಲಿಲ್ಲ. ನನಗಾದ ಆನಂದವನ್ನು ಕಂಡು ಸಾಹೇಬರು ನಾನು ಇಂಜಿನ್ನಿನ ಮರ್ಮಜ್ಞನೆಂದು ತಿಳಿದರು. ಶಿಗ್ಗಾವಿಯ ಸಂತೆಯ ನಡುವೆ ಹಾದು ಊರಿಗೆ ಬರುವಾಗ, ಖಾಲಿಯಿದ್ದ ಎಡಗಡೆಯ ಸೀಟನ್ನು ಆಗಾಗ ನೋಡಿ ನಗುತ್ತಿದ್ದೆ.

ನಮ್ಮ ತಂದೆ ಜಗಲಿಯಿಂದ ಇಳಿದು ಬಂದು, ಮೋಟಾರನ್ನು ಎತ್ತು ನೋಡುವವರ ಹಾಗೆ ಒಂದು ಸುತ್ತು ಹಾಕಿದರು. ಬಾಲದ ಹತ್ತಿರ ಬಗ್ಗಿ ಅದರ ಹಿಂದೆ ಇಣುಕಿದರು.

"ಉಳದರ್ಧ ಎಲ್ಲೈತಿ?" ಎಂದು ಕೇಳಿದರು.

ಇರುವುದೇ ಇಷ್ಟು ಎಂದೆ.

"ಹಂಗ ಹೆಂಗಾಕ್ಕೈತಿ? ನಿನಗ ಯಾರೋ ಟೊಪಿಗಿ ಹಾಕ್ಯಾರ. ನಾಳೆ ಆಳು ಕಳಿಸಿ ಹಿಂದಿಂದು ತರಸೂಣು."

ಬಹಳ ದಿನಗಳವರೆಗೆ ಅವರು, ಮನೆಗೆ ಬಂದವರಿಗೆಲ್ಲ, ಸವಣೂರಿನವರು ಹಿಂದಿನ ಭಾಗವನ್ನು ಇಟ್ಟುಕೊಂಡು ಮುಂದಿನದನ್ನಷ್ಟೇ ಕೊಟ್ಟಿದ್ದಾರೆಂದೂ, ಕಲಿತ ಮಗ ಅದನ್ನು ಎಣಿಸಿಕೊಳ್ಳದೆ ಬಂದಿದ್ದಾನೆಂದೂ ಹೇಳುತ್ತಿದ್ದರು. ಬಂದವರು ನನ್ನ ಕಡೆ ಅನುಕಂಪದಿಂದ ನೋಡಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ನಾನಾದರೋ ಮೋಟಾರನ್ನು ನನ್ನದಾಗಿ ಮಾಡಿಕೊಳ್ಳುವ ಉತ್ಸಾಹದಲ್ಲಿದ್ದೆ. ಸಾಹೇಬರ ಮಾಸಿದ ಕೆನೆಬಣ್ಣ ಹೋಗಿ ಕೆಂಪಾಗಬೇಕಿತ್ತು. ಹಾನಗಲ್ಲಿನ ಅಂಗಡಿಯಲ್ಲಿ ಸಿಕ್ಕ ಕೆಂಪೆಂದರೆ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿಯುವ ಬಣ್ಣ. ಅದನ್ನು ಎಣ್ಣೆಯಲ್ಲಿ ಕಲಸಿ ನಾನೇ ಬಳಿದೆ. ಅದು ಒಣಗುವ ಲಕ್ಷಣವನ್ನೇ ತೋರಿಸಲಿಲ್ಲ. ಹಿತ್ತಿಲಲ್ಲಿ ತೂರುತ್ತಿದ್ದ ಜೋಳದ ಹೊಟ್ಟು ಹಾರಿ ಬಂದು ಅಂಟಿ, ಮೋಟಾರಿಗೆ ಕರಡಿಯ ಹಾಗೆ ಕೂದಲು ಬಂದವು. ಅದನ್ನು ನಾನು ಹೆರೆಯುತ್ತಿರುವಾಗಲೇ ಸೋದರತ್ತೆ ಬಂದು, ಹೊಸ ವಾಹನ ಬರಿಹಣೆಯಲ್ಲಿ ಇರಬಾರದೆಂದು ಮೂಗಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಹಸಿಬಣ್ಣದಲ್ಲಿ ಅದು ಶಾಶ್ವತವಾಗಿ ಕೂತುಬಿಟ್ಟಿತು. ಮೋಟಾರಿಗೆ ವೇಗದ ಮುಖ ಹೋಗಿ ಪುರಾಣ ಕೇಳಿಬಂದವರ ಮುಖ ಬಂದಿತು. ನನ್ನ ಕಲಾಪ್ರಜ್ಞೆಗೆ ತೃಪ್ತಿಕೊಟ್ಟದ್ದು ಒಂದೇ: ನೀಲವ್ವ ಹಳೆಯ ಸೀರೆಗಳನ್ನು ಕೂಡಿಸಿ ಸೀಟಿಗೆಂದು ಕೌದಿ ಹೊಲಿದುಕೊಟ್ಟಳು. ಎರಡು ಸೀಟಿಗೆ ಎರಡಲ್ಲ, ಎರಡಕ್ಕೂ ಹಾಸುವಂಥ ಒಂದೇ ಕೌದಿ. ಬೇರೆಬೇರೆ ಹೊಲಿದರೆ ನೂಲು ದಂಡ ಎಂದು ಕಂಬಕ್ಕೆ ಕಾರಣ ಹೇಳಿದಳು. ನಾನು ಆ ದಿನ ಕಂಬವನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಪಂಚಮಿ ಹತ್ತಿರ ಬಂದಿತ್ತು. ಆಕೆಯ ತವರೂರು ಹಿರೇಕೆರೂರಿನ ಆಚೆಯ ಅಬಲೂರು. ಈ ಸಲ ನಾನೇ ಆಕೆಯನ್ನು ಮೋಟಾರಿನಲ್ಲಿ ಕರೆದೊಯ್ಯುತ್ತೇನೆಂದು ಊಟದ ಹೊತ್ತಿನಲ್ಲಿ, ಯಾರ ಮುಖವನ್ನೂ ನೋಡದೆ, ಸಾರನ್ನು ನೋಡುತ್ತ ಹೇಳಿದೆ. ತಂದೆ ಕೂಡಲೇ ಒಪ್ಪಿದರು. ಇಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಹೆದರಬೇಕಾಗಿತ್ತು. ಎಡವಟ್ಟು ಬಂದದ್ದು ತಾಯಿಯಿಂದ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬರುವುದು ಪದ್ಧತಿ. ಗಂಡ ತಾನಾಗಿ, ಒಬ್ಬನೇ, ಹೆಂಡತಿಯನ್ನು ತವರಿನ ಬಾಗಿಲಿಗೆ ತಂದನೆಂದರೆ ಅದಕ್ಕಿರುವ ಅರ್ಥ ಒಂದೇ.

"ಇಬ್ಬರ ಹ್ವಾದ್ರ ಮಂದಿ ಏನ ತಿಳಕೊಂತಾರ?" ಎಂದಳು ತಾಯಿ. "ಸೊಸಿನ್ನ ಬಿಟ್ಟು ಬರಾಕ ಹೊಂಟಾನ ಅಂತಾರ. ಆಕಿ ಮಾನದ ಸಲುವಾಗೆರ ನಾವು ನಾಕ ಮಂದಿ ಜೋಡಿ ಬರಬೇಕಪಾ."

ಸೊಸೆಯ ಗೌರವದ ಹೆಸರಿನಲ್ಲಿ ಆಕೆಯ ಗಂಡನ ಆಸೆಯನ್ನು ಇಷ್ಟು ಅಚ್ಚುಕಟ್ಟಾಗಿ ಹೂಳಿದ್ದನ್ನು ನಾನು ಯಾವ ಕೋರ್ಟಿನಲ್ಲಿಯೂ ಕಂಡಿಲ್ಲ. ಎರಡೇ ಸೀಟು ಇವೆಯೆಂದು ಕೊನೆಯ ಆಸರೆಯಾಗಿ ಹೇಳಿದೆ. ಅದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಬಡಿಗ ಕಾಳಪ್ಪ ಉಳಿಬಾಚಿ ಸಮೇತ ಅಂಗಳದಲ್ಲಿದ್ದ.

ಕಾಳಪ್ಪ ಚಕ್ಕಡಿ ಮಾಡುವುದರಲ್ಲಿ ಹೆಸರಾದವನು, ಅದರ ಹೊರತು ಲೋಕದಲ್ಲಿ ಬೇರೆ ವಾಹನವಿದೆಯೆಂದು ಒಪ್ಪದವನು. ಚೂಪಾದ ಬಾಲವನ್ನು ತಟ್ಟಿ ನೋಡಿ, ಇಲ್ಲಿ ತೊಲೆ ಹಾಯಿಸಿ ಹಲಗೆ ಹಾಸಿದರೆ ಊರೇ ಕೂಡಬಹುದು ಎಂದ. ವೇಗಕ್ಕೆ ಅಡ್ಡಿಯಾಗುತ್ತದೆ ಎಂದೆ. ವೇಗ ಯಾಕೆ ಬೇಕೆಂದು ಆತ ನನ್ನನ್ನು ಕೇಳಲಿಲ್ಲ, ನಮ್ಮ ತಂದೆಯನ್ನು ಕೇಳಿದ. ಅವರಿಗೂ ಗೊತ್ತಿರಲಿಲ್ಲ. ಹಲಗೆ ಬಂತು. ಹಲಗೆಯ ಮೇಲೆ ಹೆಣ್ಣುಮಕ್ಕಳು ಮಳೆಗಾಲದಲ್ಲಿ ಮೇಲೆ ಹೊದಿಕೆಯಿಲ್ಲದೆ ಕುಳಿತು ಹೋಗುವುದು ಹೇಗೆಂದು ತಾಯಿ ಕೇಳಿದಳು. ಸವಾರಿ ಬಂಡಿಯ ಬಿದಿರು ಚಾಪೆಯ ಕಮಾನು ಇಳಿದು ಮೋಟಾರಿಗೆ ಏರಿತು, ಹಿಂದೆ ಮುಂದೆ ಪರದೆ ಇಳಿಬಿದ್ದವು. ಸೋದರತ್ತೆಗೆ ಹತ್ತಲು ಮೆಟ್ಟಿಲು ಬೇಕಾಯಿತು, ನೀರಿನ ಕೊಡ ನಿಲ್ಲಿಸಲು ಕಬ್ಬಿಣದ ಬಳೆ ಬೇಕಾಯಿತು. ಹಿರಿಯರ ಬೆನ್ನ ಹಿಂದೆ ಹಾರ್ನ್ ಊದುವುದು ಉದ್ಧಟತನವೆಂದು ತಂದೆ ಅದನ್ನು ಬಿಚ್ಚಿಸಿ ಎತ್ತಿನ ಗೆಜ್ಜೆಸರ ಕಟ್ಟಿಸಿದರು. ಕಾಳಪ್ಪ ತನ್ನ ಕಡೆಯಿಂದ ಮುಂಭಾಗಕ್ಕೆ ಒಂದು ಕಬ್ಬಿಣದ ಕೊಂಡಿ ಬಡಿದ. ಇದೇಕೆ ಎಂದರೆ, "ಇರ್ಲಿ ತಗೋರಿ, ನೊಗಾ ಕಟ್ಟಾಕ ಬೇಕಾದೀತು" ಎಂದ. ಮೋಟಾರಿಗೆ ಯಾರಾದರೂ ನೊಗ ಕಟ್ಟುತ್ತಾರೆಯೇ ಎಂದು ರೇಗಿದ್ದಕ್ಕೆ, ಸಿಟ್ಟಿನಲ್ಲಿ ವಾಹನ ಹತ್ತಬಾರದೆಂದು ಬುದ್ಧಿ ಹೇಳಿ ಹೋದ.

ಹೊರಟ ದಿನ ನಾನು ನಡೆಸುವ ಚಕ್ರದ ಹಿಂದೆ, ನನ್ನ ಎಡಕ್ಕೆ ನೀಲವ್ವನ ಕೌದಿಯ ಮೇಲೆ ನಮ್ಮ ತಂದೆ, ಅವರ ರುಮಾಲು, ಅವರ ಮಡಿಲಲ್ಲಿ ಪಂಚಮಿಯ ಉಂಡಿಯ ಬುಟ್ಟಿ. ಹಿಂದೆ ಪರದೆಯೊಳಗೆ ತಾಯಿ, ಸೋದರತ್ತೆ, ನೀಲವ್ವ ಮತ್ತು ಸಂದುಗಳಲ್ಲಿ ಹಿಡಿದಷ್ಟು ಮಕ್ಕಳು. ಆ ಭಾರಕ್ಕೆ ಮೋಟಾರು ಮೂಗೆತ್ತಿ ಆಕಾಶ ನೋಡುತ್ತ, ಗೆಜ್ಜೆ ಝಲ್ಲೆನಿಸುತ್ತ ನಡೆಯಿತು. ಮೈಲುಗಟ್ಟಲೆ ಮಾತಾಡಬೇಕೆಂದು ನಾನು ಕಂಡ ಕನಸಿನ ರಸ್ತೆಯಲ್ಲಿ ತಂದೆ ಜೋಳದ ಧಾರಣೆಯ ವಿಷಯ ಮಾತಾಡಿದರು. ಪರದೆಯ ಹಿಂದಿನಿಂದ ನೀಲವ್ವನ ನಗು ಕೇಳುತ್ತಿತ್ತು. ಯಾಕೆ ನಕ್ಕಳೆಂದು ತಿಳಿಯುವ ಹಾಗಿರಲಿಲ್ಲ. ನನಗೆ ನಿಜಕ್ಕೂ ಅಳು ಬಂದಂತಾಗಿತ್ತು.

ಹಿರೇಕೆರೂರು ದಾಟಿದ ಮೇಲೆ ಎರೆಮಣ್ಣಿನ ಕೆಸರಿನಲ್ಲಿ ಮೋಟಾರು ಕೂತಿತು. ಹೊಲದಲ್ಲಿದ್ದವರು ಎರಡು ಎತ್ತು ಹೊಡೆದುಕೊಂಡು ಬಂದು, ಕಟ್ಟಲು ಜಾಗ ಹುಡುಕಿ, ಕಾಳಪ್ಪನ ಕೊಂಡಿಯನ್ನು ಕಂಡು ಬಹಳ ಮೆಚ್ಚಿದರು. ಕೆಸರು ದಾಟಿದರೂ ಯಾರೂ ನೊಗ ಬಿಚ್ಚಲಿಲ್ಲ. ತಂದೆ ಕಾಲು ಚಾಚಿ ಕುಳಿತು, "ಈಗ ಖರೇ ಗಾಡಿ ಆತು ನೋಡು" ಎಂದರು. ಹೀಗೆ ಅಬಲೂರಿಗೆ ನಾವು ಸಕಲ ಗೌರವದೊಂದಿಗೆ, ಗೆಜ್ಜೆಯ ಸದ್ದಿನೊಂದಿಗೆ, ಎತ್ತಿನ ಹಿಂದೆ ಪ್ರವೇಶ ಮಾಡಿದೆವು. ನಾನು ಸುಮ್ಮನೆ ಚಕ್ರ ಹಿಡಿದುಕೊಂಡಿದ್ದೆ.

ಮಾವನವರ ಮನೆಯವರಿಗೆ ಹಿಗ್ಗೋ ಹಿಗ್ಗು. ಹಬ್ಬಕ್ಕೆಂದು ಆಕೆಯನ್ನು ಅಲ್ಲಿ ಬಿಟ್ಟು ನಾವು ಹೊರಡುವಾಗ ನೀಲವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಚೌಕಟ್ಟಿಗೆ ಹೇಳುವಂತೆ ಹೇಳಿದಳು: "ಹಿಂದ ಕುಂತ್ರ ಹಾದಿ ಏನೂ ಕಾಣೂದಿಲ್ಲ."

ಒಂದು ಪೂರ್ಣ ವಾಕ್ಯ ಕೇಳಿಸಿತ್ತು. ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಸೋದರತ್ತೆ ಮೆಟ್ಟಿಲಿಗೆ ಕೈಯಾಸರೆ ಕೇಳಿದಳು.

ಆಮೇಲೆ ಮೋಟಾರು ನನ್ನದಾಗಿ ಉಳಿಯಲಿಲ್ಲ. ಸವಣೂರಿನಿಂದ ಕುರುಕಲು ಖಾರವನ್ನೂ ವೀಳ್ಯದೆಲೆಯ ಹೊರೆಗಳನ್ನೂ ತಂದಿತು. ತಡಸದ ಬೀಗರ ಮನೆಯ ಸೀಮಂತಕ್ಕೆ ಹೋಯಿತು. ಊರಲ್ಲಿ ಯಾರಿಗೆ ಎಲ್ಲಿಗೆ ಹೋಗುವುದಿದ್ದರೂ ನನ್ನನ್ನು ಕರೆಸುತ್ತಿದ್ದರು. ವಕೀಲನೆಂದು ಕರೆಸಿದ್ದಾರೆಂದು ನಾನು ಕೋಟು ಹಾಕಿಕೊಂಡು ಹೋದರೆ, ಹತ್ತಿ ಕುಳಿತು ಪರದೆ ಎಳೆದುಕೊಳ್ಳುತ್ತಿದ್ದರು. ನೀಲವ್ವನಿಗೆ ಪ್ರತಿಸಲವೂ ಹಿಂದೆಯೇ ಜಾಗ.

ಯುದ್ಧ ಶುರುವಾಯಿತು. ಪೆಟ್ರೋಲಿಗೆ ರೇಶನ್ ಚೀಟಿ ಬಂತು, ಕ್ರಮೇಣ ಚೀಟಿಗೂ ಪೆಟ್ರೋಲಿಲ್ಲದಾಯಿತು. ಮೋಟಾರನ್ನು ಹಿತ್ತಿಲ ಚಪ್ಪರದಲ್ಲಿ ಕಲ್ಲುಗಳ ಮೇಲೆ ಏರಿಸಿ ನಿಲ್ಲಿಸಿದೆವು. ಓಡದ ಬಂಡಿಯ ಮೇಲೆ ಒಳ್ಳೆಯ ಸಾಮಾನು ಕೊಳೆಯಬಾರದಲ್ಲ: ಚಾಪೆಯ ಕಮಾನು ಮರಳಿ ಸವಾರಿ ಬಂಡಿಗೆ ಹೋಯಿತು, ಗೆಜ್ಜೆಸರ ಎತ್ತಿನ ಕೊರಳಿಗೆ ಹೋಯಿತು. ಹಲಗೆಯನ್ನು ತಂದೆ ಜಗಲಿಗೆ ಹಾಕಿಸಿಕೊಂಡರು. ಮೆಟ್ಟಿಲು ಸೋದರತ್ತೆಯ ಅಟ್ಟಕ್ಕೆ ಆಯಿತು. ಕಾಳಪ್ಪ ಬಂದು ತನ್ನ ಕೊಂಡಿಯನ್ನೂ ಬಿಚ್ಚಿಕೊಂಡು ಹೋದ. ನಾನು ಬಳಿದ ಬಣ್ಣ ಕೂಡ, ಈಗ ಕೊನೆಗೂ ಒಣಗಿ, ಪದರುಪದರಾಗಿ ಉದುರಿತು. ಎಲ್ಲರೂ ತಮ್ಮತಮ್ಮದನ್ನು ತೆಗೆದುಕೊಂಡ ಮೇಲೆ ಉಳಿದದ್ದನ್ನು ಕೇಳುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಮನೆಯೆಲ್ಲ ಊಟ ಮುಗಿಸಿ ಅಡ್ಡಾಗಿತ್ತು. ನಾನು ಮೋಟಾರಿನ ಧೂಳು ಒರೆಸಲು ಹೋಗಿ, ಸುಮ್ಮನೆ ಒಳಗೆ ಕುಳಿತಿದ್ದೆ. ಒಲೆಗೆ ಕುಳ್ಳು ತರಲು ಹಿತ್ತಿಲಿಗೆ ಬಂದ ನೀಲವ್ವ ನಿಂತಳು. ಅತ್ತಿತ್ತ ನೋಡಿದಳು. ಅಲ್ಲಿ ಮಾತು ಹೇಳಲು ಒಂದು ಕಂಬವೂ ಇರಲಿಲ್ಲ, ಚಪ್ಪರದ ಕಂಬಗಳೆಲ್ಲ ಒಟ್ಟಿದ ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಬುಟ್ಟಿಯನ್ನು ಕೆಳಗಿಟ್ಟು, ಸೆರಗಿನಿಂದ ಸೀಟಿನ ಧೂಳು ಝಾಡಿಸಿ, ನನ್ನ ಎಡಕ್ಕೆ ಬಂದು ಕುಳಿತಳು. ಎದುರಿಗೆ ಹುಲ್ಲಿನ ಬಣವೆ. ಆಕೆ ಅದನ್ನು ದಾಟಿ ದೂರ ನೋಡುವವಳಂತೆ ನೋಡಿದಳು.

ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಅಬಲೂರಿಗೆ ಎಂದಳು. ನಾನು ಚಕ್ರ ಹಿಡಿದೆ. ಆಕೆ ತಾನು ಹುಡುಗಿಯಿದ್ದಾಗ ಗುಡಿಯ ಶಾಸನದ ಕಲ್ಲಿನ ಮೇಲೆ ಹುಣಸೆಹಣ್ಣು ಜಜ್ಜಿ ಬೈಸಿಕೊಂಡದ್ದನ್ನು ಹೇಳಿದಳು, ನನ್ನನ್ನು ಮದುವೆಯ ದಿನ ಮೊದಲು ನೋಡಿ ವರನ ಗೆಳೆಯನೆಂದು ತಿಳಿದದ್ದನ್ನು ಹೇಳಿದಳು, ಪಂಚಮಿಗೆ ಹೊರಟ ದಿನ ನಕ್ಕದ್ದು ಮುಂದೆ ಕುಳಿತ ನನ್ನ ಕಿವಿ ಸಿಟ್ಟಿನಿಂದ ಕೆಂಪಾದದ್ದನ್ನು ಪರದೆಯ ಸಂದಿಯಿಂದ ನೋಡಿ ಎಂದೂ ಹೇಳಿದಳು. ಇಷ್ಟು ವರ್ಷ ಈ ಹೆಣ್ಣಿನ ಜೊತೆ ಒಂದೇ ಮನೆಯಲ್ಲಿದ್ದೆ, ಇದಾವುದೂ ನನಗೆ ಗೊತ್ತಿರಲಿಲ್ಲ ಎಂದು ನಾಚಿಕೆಯಾಯಿತು. ಸಂತೋಷವೂ ಆಯಿತು.

ಪಡಸಾಲೆಯಲ್ಲಿ ಸೋದರತ್ತೆ ಎದ್ದು ಕೆಮ್ಮಿದ್ದು ಕೇಳಿಸಿತು. ಇನ್ನೇನು ಇಳಿದು ಹೋಗುತ್ತಾಳೆ ಎಂದುಕೊಂಡೆ. ನೀಲವ್ವ ಏಳಲಿಲ್ಲ, ಚಕ್ರದ ಮೇಲಿದ್ದ ನನ್ನ ಕೈಯನ್ನು ಒಮ್ಮೆ ನೋಡಿದಳು.

"ಸಾವಕಾಶ ಹೊಡೀರಿ," ಎಂದಳು. "ಊರು ಲಗೂನ ಬಂದಬಿಡತೈತಿ."

ನಾನು ವೇಗ ಕಡಿಮೆ ಮಾಡಿದೆ.