ಪುಕ್ಕಟ ಬ್ಯಾರೆ, ಕದ್ದದ್ದು ಬ್ಯಾರೆ

ಸಿಂದಗಿಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಸರ್ ತಮ್ಮ ಕ್ಲಾಸಿನಲ್ಲಿ ಕದ್ದ ಸಾಫ್ಟ್‌ವೇರ್ ಹಾಕಲಿಲ್ಲ. ಕೊಳ್ಳುವ ಶಕ್ತಿಯೂ ಇರಲಿಲ್ಲ. ಯಾರು ಬೇಕಾದರೂ ಬಳಸಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟದ್ದನ್ನೇ ಇಳಿಸಿಕೊಂಡಿದ್ದರು. ಹುಡುಗರು ‘ಪುಕ್ಕಟ ಮಾಸ್ತರ್’ ಎಂದು ಚೇಷ್ಟೆ ಮಾಡಿದರೆ, ಕನ್ನಡಕವನ್ನು ಹಣೆಗೇರಿಸಿ, “ಪುಕ್ಕಟ ಬ್ಯಾರೆ, ಕದ್ದದ್ದು ಬ್ಯಾರೆ,” ಅನ್ನುತ್ತಿದ್ದರು. ಮುಂದೆ ವಾದವಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಟೈಪಿಸ್ಟ್ ಕೆಲಸದ ಪರೀಕ್ಷೆಗೆ ಕರೆ ಬಂತು. ಪರೀಕ್ಷೆ ದೊಡ್ಡ ಕಂಪನಿಯ ಸಾಫ್ಟ್‌ವೇರಿನಲ್ಲಿತ್ತು. ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಉಳಿದದ್ದು ಎಂಟು ದಿನ.

“ಎದುರಿನ ಕ್ಲಾಸಿನ್ಯಾಗ ಎಲ್ಲಾರೂ ಅದನ್ನ ಕಲೀತಾರ್ರಿ ಸರ್. ನಿಮ್ಮನ್ನ ನಂಬಿ ನಾ ಕೆಟ್ಟೆ,” ಎಂದುಬಿಟ್ಟೆ.

ಸರ್ ಚಪ್ಪಲಿ ಮೆಟ್ಟಿಕೊಂಡರು. “ನಡಿ ತಂಗಿ,” ಎಂದು ರಸ್ತೆ ದಾಟಿಸಿ ಆ ಎದುರಿನ ಕ್ಲಾಸಿಗೇ ಕರೆದೊಯ್ದರು.

ಅದರ ಮಾಲೀಕರು ನಕ್ಕರು. “ಏನ್ರಿ ಮಾಸ್ತರ್ರ, ಅಂಗಡಿ ಮುಚ್ಚಿದ್ರೇನು?”

“ಇಲ್ರಿ. ಈಕಿಗೆ ಎಂಟು ದಿನ ಕೂಡಾಕ ಜಾಗಾ ಕೊಡ್ರಿ. ಫೀ ನಾ ಕೊಡ್ತೇನಿ. ಆದ್ರ ಖರೀದಿ ಮಾಡಿದ ಸಾಫ್ಟ್‌ವೇರ್ ಇರೋ ಕಂಪ್ಯೂಟರ್ ಆಗಬೇಕ್ರಿ.”

ಮಾಲೀಕರ ಮೇಜಿನದೂ ಸೇರಿ ಅಲ್ಲಿ ಹನ್ನೆರಡು ಕಂಪ್ಯೂಟರ್ ಇದ್ದವು. ಅವರು ಹುಡುಗರು ಕೂತಿದ್ದ ಸಾಲನ್ನೇ ನೋಡಿದರು. ಹುಡುಗರು ಟೈಪಿಂಗ್ ನಿಲ್ಲಿಸಿ ಅವರನ್ನು ನೋಡಿದರು. ಕೊನೆಗೆ ಮಾಲೀಕರು ತಮ್ಮ ಮೇಜಿನ ಮೇಲಿದ್ದ ಚಹಾ ಲೋಟ ಸರಿಸಿ, ಖುರ್ಚಿಯಿಂದ ಎದ್ದರು.

“ಖರೀದಿದು ಇದೊಂದ ಐತ್ರಿ. ಬಾ ತಂಗಿ, ಇಲ್ಲೇ ಕೂಡು.”

ಎಂಟು ದಿನ ಮಾಲೀಕರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕ್ಲಾಸ್ ನಡೆಸಿದರು. ನಾನು ಪರೀಕ್ಷೆ ಪಾಸಾದೆ. ಆ ಎಂಟೂ ದಿನ ಸರ್ ಸಂಜೆ ಬಂದು ನನ್ನ ಸ್ಪೀಡ್ ಎಷ್ಟಾಯಿತೆಂದು ಕೇಳುತ್ತಿದ್ದರು. ಉಳಿದ ಹನ್ನೊಂದು ಕಂಪ್ಯೂಟರಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ.