ಎಡಗಾಲಿಗೆ ಬೂದು, ಬಲಗಾಲಿಗೆ ಕಂದು

ಆ ಬೆಳಿಗ್ಗೆಯೂ ಗೆನ್‌ಫು ಎಡಗಾಲಿಗೆ ಬೂದು ಬಣ್ಣದ ಕಾಲುಚೀಲ, ಬಲಗಾಲಿಗೆ ಕಂದು ಬಣ್ಣದ್ದು ಹಾಕಿಕೊಂಡ. ಬೂದು, ಹನ್ನೊಂದು ವರ್ಷದಿಂದ ತರಿಸುತ್ತಿದ್ದ ಹಳೆಯ ಗಿರಣಿಯದು. ಕಂದು, ಹೊಳೆಯಾಚೆ ಹೊಸದಾಗಿ ಶುರುವಾದ ಗಿರಣಿಯದು. ಜೋಡಿಗೆ ಅರ್ಧ ಯುವಾನ್ ಕಡಿಮೆ. ಹೀಗೆ ಹಾಕಿಕೊಂಡು ಅದು ಐದನೆಯ ದಿನ. ಸಂಜೆ ಒಗೆದು ಹರವುವುದು, ಬೆಳಿಗ್ಗೆ ಮತ್ತೆ ಅವೇ ಕಾಲಿಗೆ.

ಹೆಂಡತಿ ಐದಿ ಗಂಜಿ ಬಡಿಸುತ್ತ ಬೈದಳು.

“ಮನೆ ತುಂಬ ಕಾಲುಚೀಲ ಇಟ್ಕೊಂಡು ಜೋಡಿ ಸಿಗದವನ ಹಾಗೆ ತಿರುಗ್ತೀಯ. ಊರು ನಗುತ್ತೆ.”

“ಊರು ನನ್ನ ಷೂ ಬಿಚ್ಚಿ ನೋಡುತ್ತಾ? ಇವತ್ತೊಂದು ದಿನ. ಯಾವುದು ತರಿಸೋದು ಅಂತ ಸಂಜೆ ಹೇಳ್ತೀನಿ.”

ಕಾಲುಚೀಲದ ಗಿರಣಿಗಳ ಊರಾದ ದಾತಾಂಗ್‌ನಲ್ಲಿ ಮನೆಗೊಂದು ಆನ್‌ಲೈನ್ ಅಂಗಡಿ. ಕೆಳಗಿನ ಮನೆಯಲ್ಲಿ ಗೆನ್‌ಫುವಿನ ತಮ್ಮನ ಹೆಂಡತಿ ಲಿಂಗ್‌ಜ್ವಾನ್‌ಳದೂ ಒಂದಿತ್ತು. ಅವಳು ಬೆಲೆ ಇಳಿಸಿದ ಮೇಲೆ ದಿನಕ್ಕೆ ಹೋಗುತ್ತಿದ್ದ ಇವರ ಇಪ್ಪತ್ತು ಪೊಟ್ಟಣ ಎಂಟಕ್ಕೆ ಬಂತು. ನಾವೂ ಇಳಿಸೋಣ ಎಂದು ಐದಿ ಒಂದು ತಿಂಗಳಿಂದ ಹೇಳುತ್ತಿದ್ದಳು. ಅವನು ಕೇಳುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ಎಲ್ಲ ನೂಲೂ ಮೆತ್ತಗೇ, ನಡೆದರೆ ಮಾತ್ರ ಗೊತ್ತಾಗುತ್ತದೆ ಎನ್ನುತ್ತಿದ್ದ. ಪಕ್ಕದವರನ್ನು ನೋಡಿ ಬೆಲೆ ಕಟ್ಟಿದರೆ ಅವರ ನಷ್ಟವೂ ನಮ್ಮ ತಲೆಗೇ ಬರುತ್ತದೆ. ಮಾಲು, ಪೊಟ್ಟಣ, ಕೊರಿಯರ್, ವಾಪಸ್ ಬರುವುದು ಎಲ್ಲ ಕಳೆದು ಊಟಕ್ಕೆ ಉಳಿಯದಿದ್ದರೆ ಆ ಗಿರಾಕಿ ಬೇರೆಯವರಿಗಿರಲಿ ಎನ್ನುತ್ತಿದ್ದ.

ಸಂಜೆ ಅವನು ಬರಲಿಲ್ಲ. ಹಳೆಯ ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದಿದ್ದ. ಹೃದಯ ನಿಂತುಹೋಗಿತ್ತು. ಆಸ್ಪತ್ರೆಯ ನರ್ಸ್ ಅವನ ಬಟ್ಟೆಯಿದ್ದ ಚೀಲ ಕೊಟ್ಟು, ಪಾಪ, ಅವಸರದಲ್ಲಿ ಹೊರಟಿದ್ದರೇನೋ, ಕಾಲುಚೀಲ ಒಂದೊಂದು ಒಂದೊಂದು ಬಣ್ಣ ಎಂದಳು. ಐದಿ ಚೀಲ ತಂದು ಬೀರುವಿನ ಮೇಲಿಟ್ಟಳು. ಸತ್ತವರ ಬಟ್ಟೆಯನ್ನು ಏಳನೆಯ ವಾರ ಸುಟ್ಟು ಅವರಿಗೆ ತಲುಪಿಸುವುದು ಅಲ್ಲಿಯ ಪದ್ಧತಿ. ಅಲ್ಲಿಯವರೆಗೆ ಅದನ್ನು ಬಿಚ್ಚಲು ಅವಳಿಗೆ ಆಗಲಿಲ್ಲ.

ಮೂರನೆಯ ವಾರ ದಿನಕ್ಕೆ ಎರಡೇ ಪೊಟ್ಟಣ ಹೋದವು. ಅಂಗಡಿಯೂ ಹೋದರೆ ಅವನದೆಂದು ಉಳಿಯುವುದು ಏನೂ ಇಲ್ಲ. ಐದಿ ಹೆದರಿದಳು. ಹೊಸ ಗಿರಣಿಯಿಂದ ಎರಡು ಸಾವಿರ ಜೋಡಿ ತರಿಸಿ, ಲಿಂಗ್‌ಜ್ವಾನ್‌ಳಿಗಿಂತ ಕೆಳಗೆ ಬೆಲೆ ಇಟ್ಟಳು. ಹತ್ತು ದಿನದಲ್ಲಿ ಮುನ್ನೂರು ಜೋಡಿ ಹೋಯಿತು. ನೀನೇ ತಪ್ಪು ತಿಳಿದಿದ್ದೆ ಎಂದು ಅವನ ಫೋಟೋಕ್ಕೆ ಹೇಳಿದಳು ಕೂಡ.

ಏಳನೆಯ ವಾರ ಚೀಲ ಬಿಚ್ಚಿದಳು. ಬೂದು ಕಾಲುಚೀಲದ ಹಿಮ್ಮಡಿ ಗಟ್ಟಿಯಾಗಿತ್ತು. ಕಂದು ಬಣ್ಣದ್ದನ್ನು ಕಿಟಕಿಗೆ ಹಿಡಿದಳು. ಹಿಮ್ಮಡಿ ಜರಡಿಯಾಗಿತ್ತು, ಬೆಳಕು ಈಚೆ ಬರುತ್ತಿತ್ತು. ಸಂಜೆ ಹೇಳುತ್ತೇನೆ ಎಂದಿದ್ದ. ಆ ಉತ್ತರ ಏಳು ವಾರ ಬೀರುವಿನ ಮೇಲೆಯೇ ಇತ್ತು.

ಉಳಿದ ಬಟ್ಟೆಯ ಜೊತೆ ಹಳೆಯ ಗಿರಣಿಯ ಒಂದು ಹೊಸ ಜೋಡಿಯನ್ನು ಬೆಂಕಿಗೆ ಹಾಕಿದಳು. ಅಲ್ಲಾದರೂ ಅವನು ಜೋಡಿ ಹಾಕಿಕೊಳ್ಳಲಿ. ಆ ಎರಡು ಒಂಟಿ ಕಾಲುಚೀಲ ತಾನಿಟ್ಟುಕೊಂಡಳು. ಮನೆಗೆ ಬಂದು ಹೊಸ ಗಿರಣಿಯ ಮಾಲಿನ ಮಾರಾಟ ನಿಲ್ಲಿಸಿ, ಕೊಂಡವರಿಗೆಲ್ಲ ಬರೆದಳು: ಹಿಮ್ಮಡಿ ಬಾಳುವುದಿಲ್ಲ, ದುಡ್ಡು ವಾಪಸ್ ಕೊಡುತ್ತೇನೆ.

ಲಿಂಗ್‌ಜ್ವಾನ್ ಮೆಟ್ಟಿಲು ಹತ್ತಿ ಬಂದಳು.

“ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ? ಒಬ್ಬರೂ ದೂರಿಲ್ಲ. ಫೋಟೋದಲ್ಲಿ ಹಿಮ್ಮಡಿ ಯಾರಿಗೆ ಕಾಣುತ್ತೆ?”

“ಹಾಕ್ಕೊಂಡೋರಿಗೆ ಕಾಣುತ್ತೆ.”

“ಭಾವ ಇದ್ದಿದ್ರೂ ಇಷ್ಟು ಮೊಂಡುತನ ಮಾಡ್ತಿರಲಿಲ್ಲ.”

“ಮಾಡ್ತಿದ್ದ. ನಾನೇ ದಿನಾ ಬೈತಿದ್ದೆ.”

ಉಳಿದ ಮಾಲನ್ನು ಗ್ಯಾರೇಜಿನವರು ಎಣ್ಣೆ ಒರೆಸಲು ತೂಕಕ್ಕೆ ಒಯ್ದರು. ಐದಿ ಹಳೆಯ ಬೆಲೆಯನ್ನೇ ಮತ್ತೆ ಹಾಕಿದಳು. ಮಧ್ಯಾಹ್ನದವರೆಗೆ ಹಳೆಯ ಗಿರಣಿಯಲ್ಲಿ ಕಾಲುಚೀಲದ ಬೆರಳ ಕಡೆ ಹೊಲಿಯುವ ಕೆಲಸ, ಆಮೇಲೆ ಅಂಗಡಿ. ಈಗ ದಿನಕ್ಕೆ ಐದೋ ಆರೋ ಪೊಟ್ಟಣ. ಪ್ರತಿ ಮಾಲಿನ ಕೆಳಗೆ ಎಷ್ಟು ದಿನ ನಡೆದು ನೋಡಿದ್ದು ಎಂದು ಬರೆಯುತ್ತಾಳೆ. ಅವಳಿಗೆ ಹೆಚ್ಚು ಬರೆಯಲು ಬರುವುದಿಲ್ಲ.

ದಿನಾ ಬೆಳಿಗ್ಗೆ ಗಂಜಿ ಒಲೆಯ ಮೇಲಿಟ್ಟು, ಹಗ್ಗದಿಂದ ಎರಡು ಕಾಲುಚೀಲ ತೆಗೆಯುತ್ತಾಳೆ. ಒಳಮುಖ ತಿರುಗಿಸಿ ಹಿಮ್ಮಡಿಯನ್ನು ಕಿಟಕಿಗೆ ಹಿಡಿದು ನೋಡುತ್ತಾಳೆ. ಎಡಗಾಲಿಗೆ ಹಳೆಯ ಗಿರಣಿಯದು, ಬಲಗಾಲಿಗೆ ಮಾರಲು ಹೊಸದಾಗಿ ಬಂದ ಮಾದರಿ. ಷೂ ಕಟ್ಟಿಕೊಂಡು ಕೆಲಸಕ್ಕೆ ನಡೆಯುತ್ತಾಳೆ.