ದೋಣಿಗೆ ಭಯ ಕಲಿಸಿದವಳು

ಯಾಮಿನಿಗೆ ಈಜು ಬರುವುದಿಲ್ಲ. ಮೈಸೂರಿನ ಕಾರಂಜಿ ಕೆರೆಯಲ್ಲಿ ಪೆಡಲ್ ದೋಣಿ ಹತ್ತು ಅಂದರೂ ದಡದಲ್ಲೇ ಕೂತು ಗೆಳತಿಯರ ಚಪ್ಪಲಿ ಕಾಯುತ್ತಿದ್ದವಳು ಅವಳು. ಈಗ ಟೋಕಿಯೋದ ಕೋಟೋದಲ್ಲಿರುವ ಒಂದು ಸಂಶೋಧನಾಲಯದಲ್ಲಿ, ಶಾಂತಸಾಗರ ದಾಟಬೇಕಾದ ದೋಣಿಗೆ ಯಾವುದಕ್ಕೆ ಹೆದರಬೇಕು ಎಂದು ಕಲಿಸುವುದು ಅವಳ ಕೆಲಸ.

ದೋಣಿ ಎಂದರೆ ಆಳುದ್ದಕ್ಕಿಂತ ತುಸು ಹೆಚ್ಚಿನದು. ಮೇಲೆಲ್ಲ ಸೌರಫಲಕ, ಹೊಟ್ಟೆಯಲ್ಲಿ ಬ್ಯಾಟರಿ, ಒಂದು ಮೋಟರು, ತುದಿಯಲ್ಲಿ ದೀಪ. ನಡೆಸುವವರು ಯಾರೂ ಇಲ್ಲ. ಮನುಷ್ಯ ನಡೆಯುವಷ್ಟೇ ವೇಗ. ಆಗಾಗ ಉಪಗ್ರಹದ ಮೂಲಕ ತಾನಿರುವ ಜಾಗ ತಿಳಿಸುತ್ತದೆ. ಹಡಗುಗಳು ರೇಡಿಯೊದಲ್ಲಿ ತಮ್ಮ ಗುರುತು ಸಾರುತ್ತ ಸಾಗುತ್ತವೆ. ಅದು ಕಿವಿಗೆ ಬಿದ್ದೊಡನೆ ದೂರ ಸರಿ ಎಂಬ ಪಾಠವನ್ನು ಬರೆದವಳು ಯಾಮಿನಿ.

ಎಷ್ಟು ದೂರ? ತಂಡ ಒಂದು ಕಿಲೋಮೀಟರ್ ಎಂದು ತೀರ್ಮಾನಿಸಿತ್ತು. ದೋಣಿ ನೀರಿಗಿಳಿಸುವ ಮೊದಲು ಚಿಬಾ ಕರಾವಳಿಯ ಪುಟ್ಟ ಬಂದರಿಗೆ ಹೋಗಿ, ಮೀನುಗಾರರ ಸಹಕಾರ ಸಂಘದ ಮುಂದೆ ಸಾಕೆ ಎಂಬ ಅಕ್ಕಿಮದ್ಯದ ಬಾಟಲಿ ಇಟ್ಟು ತಲೆಬಾಗುವುದು ರೂಢಿ. ತಂಡದ ಮುಖ್ಯಸ್ಥ ಒಗಾತಾ ಅವಳನ್ನೂ ಕರೆದೊಯ್ದಿದ್ದರು. ಸಂಘದ ಹಿರಿಯರು ಅವಳತ್ತಲೇ ತಿರುಗಿ, ದೋಣಿ ತಮ್ಮಿಂದ ಎಷ್ಟು ದೂರ ಇರುತ್ತದೆ ಎಂದು ಕೇಳಿದರು. ಸುತ್ತ ಬಿಗಿದ ಮುಖಗಳು. ಬೀಗರ ಮುಂದೆ ಕೂತ ಹೆಣ್ಣಿನ ಕಡೆಯವರಂತೆ ಯಾಮಿನಿ, "ಮೂರು ಕಿಲೋಮೀಟರ್" ಎಂದುಬಿಟ್ಟಳು. ಮುಖಗಳು ಸಡಿಲವಾದವು. ಹಿರಿಯರು ನಗುತ್ತ, ಒಳ್ಳೆಯ ಮೀನು ಸಿಕ್ಕ ಕಡೆ ತಮ್ಮವರು ಗುರುತಿನ ರೇಡಿಯೊ ಆರಿಸಿಬಿಡುತ್ತಾರೆ, ಪಕ್ಕದ ಬಂದರಿನವರಿಗೆ ಜಾಗ ಗೊತ್ತಾಗಬಾರದಲ್ಲ ಎಂದರು. ಅವಳೂ ನಕ್ಕಳು.

ವಾಪಸು ರೈಲಿನಲ್ಲಿ ಒಗಾತಾ ಬೈಯಲಿಲ್ಲ. "ಅವರ ಮುಂದೆ ಹೇಳಿಯಾಯಿತು. ಇನ್ನು ಮೂರೇ" ಎಂದರು, ಅಷ್ಟೇ.

ದೋಣಿ ಹೊರಟ ವಾರದಲ್ಲೇ ತೆಂಕಣದಲ್ಲಿ ಚಂಡಮಾರುತ ಎದ್ದಿತು. ಮೋಡ ಕವಿದು ಬ್ಯಾಟರಿ ತುಂಬುತ್ತಿರಲಿಲ್ಲ. ಹಡಗುಗಳ ಹೆದ್ದಾರಿಯ ಅಂಚಿನಲ್ಲಿ ದೋಣಿ ಒಂದು ಹಡಗಿನಿಂದ ತಪ್ಪಿಸಿಕೊಳ್ಳಲು ಎಡಕ್ಕೆ, ಇನ್ನೊಂದರಿಂದ ತಪ್ಪಿಸಿಕೊಳ್ಳಲು ಹಿಂದಕ್ಕೆ ಸರಿಯುತ್ತ, ಇದ್ದಲ್ಲೇ ಸುತ್ತತೊಡಗಿತು.

"ಅಕ್ಕಾ, ಸಿಲ್ಕ್ ಬೋರ್ಡಲ್ಲಿ ರೋಡ್ ಕ್ರಾಸ್ ಮಾಡೋ ಅಜ್ಜಿ ಥರ ಆಗಿದೆ ನಿಮ್ಮ ದೋಣಿ" ಎಂದ ಶ್ರೀಹರಿ. ಬೆಂಗಳೂರಿನವನು, ಅದೇ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. "ಒಂದು ಹೆಜ್ಜೆ ಮುಂದೆ, ಎರಡು ಹಿಂದೆ. ಅಷ್ಟೊಂದು ಹೆದರ್ಸಿಟ್ರೆ ಇನ್ನೇನ್ ಮಾಡುತ್ತೆ ಪಾಪ!"

ಯಾಮಿನಿ ನಗಲಿಲ್ಲ. "ಶ್ರೀ, ಅದು ಸುತ್ತುತಾ ಇರೋ ಜಾಗ ನೋಡು. ಆ ಬಂದರಿನವರು ಮೀನು ಹಿಡಿಯೋ ಕಡೆ ಅದು. ರೇಡಿಯೊ ಆಫ್ ಮಾಡ್ಕೊಂಡಿದ್ರೆ ಇದಕ್ಕೆ ಅವರು ಕಾಣೋದೇ ಇಲ್ಲ."

ಶ್ರೀಹರಿ ಪರದೆ ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ.

ಅವಳು ಸಂಘಕ್ಕೆ ಫೋನ್ ಮಾಡಿದಳು. ಎತ್ತಿದ ಹೆಂಗಸು ಸಮಾಧಾನವಾಗಿಯೇ ಮಾತಾಡಿದಳು. ಚಂಡಮಾರುತದ ಸುದ್ದಿಗೆ ಎಲ್ಲರೂ ಮರಳಿದ್ದಾರೆ, ಎರಡು ದೋಣಿ ಬಿಟ್ಟು. ಒಂದರಲ್ಲಿ ಅಪ್ಪ ಮಗ, ಇನ್ನೊಂದರಲ್ಲಿ ಒಬ್ಬನೇ ಮುದುಕ. ಎಲ್ಲಿದ್ದಾರೋ ಗೊತ್ತಿಲ್ಲ, ಹೇಳಿ ಹೋಗುವವರಲ್ಲ.

ಫೋನ್ ಇಟ್ಟ ಯಾಮಿನಿಗೆ ಅದು ಕಣ್ಣಿಗೆ ಕಟ್ಟಿತು. ಉಬ್ಬರಿಸಿದ ಅಲೆಗಳ ನಡುವೆ ಅವಸರದಲ್ಲಿ ಬಂದರಿಗೆ ತಿರುಗುವ ಸಣ್ಣ ದೋಣಿ, ಅದರ ದಾರಿಯಲ್ಲಿ ಕತ್ತಲಲ್ಲಿ ಮುಳುಗೇಳುವ ತನ್ನ ದೋಣಿ. ಪ್ರೊಪೆಲ್ಲರಿಗೆ ಸಿಕ್ಕಿಕೊಂಡರೆ ಸಾಕು. ಎಂಜಿನ್ ನಿಂತ ದೋಣಿಯನ್ನು ಆ ಅಲೆ ಮಗುಚಿ ಹಾಕುತ್ತದೆ.

ಸಂಜೆಯಾಗುವ ಮೊದಲು ಒಗಾತಾ ಬಂದರು. "ಮೂರು ಕಿಲೋಮೀಟರನ್ನು ಅರ್ಧ ಮಾಡೋಣ. ನೇರ ಓಡಿ ಪಾರಾಗಲಿ. ಹೇಗೂ ಇಲ್ಲಿಂದ ಹೊರಬಿದ್ದರೆ ಅವರಿಗೂ ಒಳ್ಳೆಯದೇ."

"ಬ್ಯಾಟರಿ ಸಾಲುವುದಿಲ್ಲ, ಒಗಾತಾ-ಸಾನ್. ಮೋಟರ್ ಓಡಿಸಿದರೆ ಬೆಳಗಿಗೆ ಮುಂಚೆ ದೀಪ ಆರುತ್ತದೆ. ಮೋಟರ್ ನಿಲ್ಲಿಸಿದರೆ ದೀಪ ಉಳಿಯುತ್ತದೆ, ಮೀನುಗಾರರಿಗೆ ಕಾಣುತ್ತದೆ."

"ನಿಲ್ಲಿಸಿದರೆ ಹಡಗಿಗೋ ಅಲೆಗೋ ಸಿಕ್ಕಿ ದೋಣಿ ಉಳಿಯುವುದಿಲ್ಲ."

"ಹೌದು."

ಒಗಾತಾ ಕುರ್ಚಿ ಎಳೆದುಕೊಂಡು ಕೂತರು. ಎರಡು ವರ್ಷ ಅವರು ಆ ದೋಣಿಯ ಹೊರಮೈಯನ್ನು ಕೈಯಾರೆ ಉಜ್ಜಿ ನುಣುಪು ಮಾಡಿದ್ದರು. "ಸಂಘದ ಮುಂದೆ ಮಾತು ಕೊಟ್ಟವರು ನೀವು" ಎಂದರು. ಅದು ಆಕ್ಷೇಪವೋ ಒಪ್ಪಿಗೆಯೋ ಯಾಮಿನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅವಳು ಆದೇಶ ಕಳಿಸಿದಳು: ಮೋಟರ್ ಬಂದ್, ದೀಪ ಮಾತ್ರ. ಉತ್ತರಕ್ಕೆ ಕಾಯುವಾಗ ಗಂಡ ಅನೂಪ್ ಫೋನ್ ಮಾಡಿ, "ಫುನಾಬೊರಿಯಲ್ಲಿ ಮನೆ ಹತ್ರ ಗಾಳಿ ಜೋರಿದೆ ಕಣೆ, ಟ್ರೈನ್ ನಿಲ್ಲಿಸ್ತಾರಂತೆ, ಬೇಗ ಬಾ" ಎಂದ. "ಬರ್ತೀನಿ" ಎಂದವಳು ಏಳಲಿಲ್ಲ. ಪರದೆಯ ಮೇಲೆ ಗಂಟುಗಂಟಾಗಿದ್ದ ಗೆರೆ ಬಿಚ್ಚಿಕೊಂಡು ಪ್ರವಾಹದ ಜೊತೆ ಈಶಾನ್ಯಕ್ಕೆ ಹರಿಯತೊಡಗಿದ ಮೇಲೆಯೇ ಹೊರಟಳು.

ಮರುದಿನ ಸಂಘದ ಹೆಂಗಸೇ ಫೋನ್ ಮಾಡಿದಳು. ಎರಡೂ ದೋಣಿ ಬಂದಿವೆ. ಮುದುಕನ ಕೈಗೆ ಪೆಟ್ಟಾಗಿದೆ, ಅಲೆಯದು. ಯಾರೂ ಏನನ್ನೂ ಕಂಡಿಲ್ಲ. ಯಾಮಿನಿ ಫೋನ್ ಹಿಡಿದೇ ಮತ್ತೆ ಮತ್ತೆ ತಲೆಬಾಗಿದಳು. ಆಚೆಯವಳಿಗೆ ಅದು ಕಾಣುವಂತಿರಲಿಲ್ಲ.

ದೋಣಿಯಿಂದ ಆಮೇಲೆ ಸುದ್ದಿ ಬರಲಿಲ್ಲ. ಮುಳುಗಿತು ಎನ್ನುತ್ತಾನೆ ಶ್ರೀಹರಿ. ಮುಳುಗಿದ್ದರೆ ಅವಳಿಗೂ ನೆಮ್ಮದಿ. ಮುಳುಗದೆ, ದೀಪ ಆರಿ, ನೀರಿನ ಮಟ್ಟಕ್ಕೆ ತೇಲುತ್ತಿದ್ದರೆ? ಅದಕ್ಕೇ ಈಗಲೂ ದಿನಾ ಬೆಳಿಗ್ಗೆ, ಚಹಾಕ್ಕೂ ಮುಂಚೆ, ನಾವಿಕರಿಗಾಗಿ ಸರ್ಕಾರ ಹೊರಡಿಸುವ ಎಚ್ಚರಿಕೆಗಳನ್ನು ಅವಳು ಓದುತ್ತಾಳೆ. ತೇಲುವ ಮರದ ದಿಮ್ಮಿ, ಸರಪಳಿ ಕಳಚಿದ ತೇಲುಬುರುಡೆ, ಮಗುಚಿದ ದೋಣಿ. ಜಪಾನೀ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದನ್ನೂ ಬಿಡದೆ.